ಹಗೇವಿನ ದನಿಯ ಭೋಂಗಾ

ನಿನ್ನೆ ನಮ್ಮ ಮೊಮ್ಮಗಳಿಗೆ ವಾಯರ್‌ಲೆಸ್ ಪರವಾನಗಿ ಬಂತು. ಇನ್ನು ಆಕಿ ಮನಿಯಲ್ಲೇ ಕುಂತು, ಬರೀ ಹವ್ಯಾಸಕ್ಕ, ಯಾವ ಊರಿನವರ ಜೋಡಿ ಬೇಕಾದರೂ ಗಾಳಿಯಲ್ಲಿ ಮಾತಾಡಬಹುದು. ಹಿಗ್ಗು ಅಂದ್ರ ಏನು ಹಿಗ್ಗು! ಓಣಿ ತುಂಬ ಪೇಢೆ ಹಂಚಿ ಬಂದೆ, ಮೊಣಕಾಲ ನೋವು ಎಲ್ಲಿ ಹೋಗಿತ್ತೋ ಏನೋ. ಬಂದು ಉಸ್ಸಂತ ಕುಂತರೆ ಮೊಮ್ಮಗಳು ಮೊಬೈಲು ಹಿಡಕೊಂಡು ಬಂದಳು.

"ಅಜ್ಜಿ, ಸೆಟ್ಟಿನ ಒಳಗಿನ ಸ್ಪೀಕರ್ ಬಿಸ್ಕೀಟಿನಷ್ಟ ಐತಿ. ದನಿ ಬರೋಬರಿ ಬರೂದಿಲ್ಲ. ಹೊರಗ ಇಡೂದು ಒಂದು ತಗೋಬೇಕು. ಇದರಾಗ ಯಾವುದು, ನೀನ ಆರಿಸಿ ಹೇಳು."

ನನ್ನ ಕೇಳಬೇಕೇನ್ರಿ ಅದನ್ನ! ಬಬಲೇಶ್ವರದ ಸಾಲಿಯಲ್ಲಿ ಮೂರನೇ ಇಯತ್ತೆಗೆ ಪಾಟಿ ಕೆಳಗಿಟ್ಟಾಕಿ ನಾನು. ಆದರೂ ನಕ್ಕೆ. ನಕ್ಕು ನಕ್ಕು ಕಣ್ಣಾಗ ನೀರು ಬಂತು.

"ಯಾಕಜ್ಜಿ, ಅಳಾಕತ್ತೀ?"

"ಇಲ್ಲ ಬೇ. ಇಂಥಾದ ಒಂದು ಭೋಂಗಾ ಆರಿಸೋ ದಿವಸ ನಿಮ್ಮಜ್ಜಿ ಜೀವಾ ಕೈಯಾಗ ಹಿಡಕೊಂಡು ಅಡಗಿಮನಿ ಬಾಗಿಲದಾಗ ನಿಂತಿದ್ದಳು."

ಆಕಿ ಬಿಡಲಿಲ್ಲ, ಪೂರಾ ಹೇಳು ಅಂದಳು. ಹೇಳಿದೆ. ಹೇಳಿದ ಮ್ಯಾಲೂ ಎದಿಯಾಗ ಇನ್ನೂ ಉಳದೈತಿ ಅನಿಸಿತು. ಅದಕ್ಕೇ ಬರಿಯಾಕತ್ತೇನಿ.

ಯುದ್ಧ ಮುಗಿದಿತ್ತು. ಸ್ವರಾಜ್ಯ ಇಂದು ಬರ್ತೈತಿ, ನಾಳೆ ಬರ್ತೈತಿ ಅಂತ ಮಂದಿ ಮಾತಾಡುತ್ತಿದ್ದ ಕಾಲ. ಆ ಬ್ಯಾಸಗಿಯಲ್ಲಿ ನನ್ನ ಮದುವಿಯಾಗಿ ಬಬಲೇಶ್ವರದಿಂದ ವಿಜಾಪುರಕ್ಕೆ ಬಂದೆ. ಅತ್ತಿಮನಿ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗಲಕ್ಕೇ. ಗಾಡಿ ಹಾದು ಹೋದರೆ ಅಡಗಿಮನಿಯ ಡಬ್ಬಿಗಳ ಮುಚ್ಚಳ ತಾವೇ ಕುಣಿಯುತ್ತಿದ್ದವು. ಮಾವನವರದು ಕಾಳಿನ ವ್ಯಾಪಾರ. ನಮ್ಮವರು ಪಲ್ಟನಿನಲ್ಲಿ ವಾಯರ್‌ಲೆಸ್ ಕೆಲಸ ಮಾಡಿ, ಬರ್ಮಾದ ಕಡಿ ಯುದ್ಧ ನೋಡಿ ಬಂದವರು. ಅವರು ಮನಿಗೆ ಬಂದ ದಿನ ಅತ್ತಿಯವರು ಕೈ ನೋಡಿದರಂತೆ, ಕಾಲು ನೋಡಿದರಂತೆ, ಎಲ್ಲಾ ನೆಟ್ಟಗಿದ್ದಾವ ಅಂತ ದೃಷ್ಟಿ ತೆಗೆದು ಒಳಗೆ ಕರಕೊಂಡರಂತೆ.

ಯುದ್ಧದಿಂದ ಬಂದರೂ ಆ ಹುಚ್ಚು ಅವರನ್ನು ಬಿಟ್ಟಿರಲಿಲ್ಲ. ಲಷ್ಕರಿನವರು ಬ್ಯಾಡಾಗಿ ಮಾರಿದ ಸಾಮಾನಿನಲ್ಲಿ ಒಂದು ಸೆಟ್ಟು ಪುಣೆಯಿಂದ ತರಿಸಿದ್ದರು. ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗಿ, ಟ್ರಂಕಿನಷ್ಟು ದೊಡ್ಡದು. ಅದರಲ್ಲಿ ಕೇಳಲೂ ಬರುತ್ತಿತ್ತು, ಮಾತಾಡಲೂ ಬರುತ್ತಿತ್ತು. ಪಡಸಾಲಿಯ ಮಗ್ಗಲಿನ ಸಣ್ಣ ಖೋಲಿಯಲ್ಲಿ ಅದರ ಠಿಕಾಣಿ. ಲಾರಿಯ ಬ್ಯಾಟರಿ ಮ್ಯಾಲೆ ನಡೆಯುತ್ತಿತ್ತು. ಪೊಲೀಸರು ಬಂದು ಕೇಳಿದರೆ ಇರಲಿ ಅಂತ ಮಾವನವರು ಸರಕಾರದ ಪರವಾನಗಿ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋದ ಸಾಲಿನಲ್ಲೇ ತೂಗು ಹಾಕಿದ್ದರು. ದಿನಾ ಅದಕ್ಕೂ ಒಂದು ಹೂವು ಬೀಳುತ್ತಿತ್ತು.

ಈಗ ನಿಮಗ ಬಳಿ ಸದ್ದಿನ ಮಾತು ಹೇಳಬೇಕು. ಆಗ ಹೆಂಡ್ತಿಯಾದಾಕಿ ಗಂಡನ ಹೆಸರು ಹಿಡಿಯುವಂಗಿಲ್ಲ. ಅತ್ತಿಮಾವನ ಎದುರಿಗೆ ಮಾತಾಡುವಂಗಿಲ್ಲ. ಊಟಕ್ಕ ಕರೀಬೇಕಂದ್ರ ಬಾಗಿಲದ ಮರಿಗೆ ನಿಂತು ಬಳಿ ಕುಣಿಸಬೇಕು. ಕೈತುಂಬ ಹಸಿರು ಗಾಜಿನ ಬಳಿ ಇರತಿದ್ದವು, ಗಿಲ್ ಅಂತ ಒಮ್ಮೆ ಅಂದರೆ ಸಾಕು. ಗಂಡಸು ಯಾವ ಮಾತಿನಾಗಿದ್ದರೂ ಆ ಸದ್ದಿಗೆ ತಿರುಗಿ ನೋಡತಾನ. ಎಲ್ಲಾ ಮನಿಯಲ್ಲೂ ಇದ ಪದ್ಧತಿ. ಹೊಸದಾಗಿ ಬಂದ ಸೊಸಿಗೆ ಮನಿಯಲ್ಲಿದ್ದ ದನಿ ಅದೊಂದ.

ಬಂದ ಹೊಸದರಲ್ಲಿ ಅತ್ತಿಯವರು "ಹೋಗು ಬೇ, ಅವಗ ಊಟಕ್ಕ ಕರಿ" ಅಂದರು. ಇವರು ಪಡಸಾಲಿಯಲ್ಲಿ ಬೆನ್ನು ಮಾಡಿ ಕುಂತು ಯಾವುದೋ ತಂತಿ ಬಿಡಿಸುತ್ತಿದ್ದರು. ಬಳಿ ಕುಣಿಸಿದೆ. ತಿರುಗಲಿಲ್ಲ. ಮತ್ತ ಕುಣಿಸಿದೆ. ಮಾವನವರು ಹೊರಗಿನ ಕಟ್ಟಿ ಮ್ಯಾಲಿಂದ ಒಮ್ಮೆ ಇತ್ತ ನೋಡಿ ಮಾರಿ ಆಚೆ ಮಾಡಿದರು. ಇವರು ಮಾತ್ರ ಅಲುಗಲಿಲ್ಲ. ನಾಚಿಕಿಗೆ ಮುಖ ಕೆಂಪಾಗಿ, ಜೋರಾಗಿ ಕೈ ಝಾಡಿಸಿದೆ. ಒಂದು ಬಳಿ ಬಾಗಿಲಕ್ಕೆ ಬಡಿದು ಚೂರಾಗಿ ಬಿತ್ತು. ಹೊಸ ಮದುಮಗಳ ಬಳಿ! ಸೆರಗಿನಾಗ ಚೂರು ಆರಿಸಿಕೊಂಡು ಒಳಗೆ ಓಡಿದೆ. ಅತ್ತಿಯವರು ನೋಡಿಯೂ ನೋಡದಂಗ ಎದ್ದು ಹೋಗಿ ಮಗನ ಹೆಗಲು ಅಲುಗಿಸಿ ಕರಕೊಂಡು ಬಂದರು.

ಆ ದಿನ ಹಿಡಿದ ಹೆದರಿಕಿ ಬಿಡಲಿಲ್ಲ. ಅದಕ್ಕ ಒಂದು ಕಾರಣ ಇತ್ತು. ತಿಕೋಟಾದಲ್ಲಿ ನನ್ನ ದೊಡ್ಡವ್ವ ಇದ್ದಳು, ನಮ್ಮವ್ವನ ಅಕ್ಕ. ಗಂಡ ಇದ್ದೂ ತವರಿನಲ್ಲೇ ಉಳಿದಾಕಿ. ಆಕಿಯ ಗಂಡ ಹೊಡಿಯಲಿಲ್ಲ, ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಒಂದು ನಾಗಪಂಚಮಿಗೆ ಎಲ್ಲಾ ಹೆಣ್ಣುಮಕ್ಕಳಂಗ ತವರಿಗೆ ಕಳಿಸಿದ. ಹಬ್ಬ ಆದ ಮ್ಯಾಲೆ ಕರಕೊಂಡು ಹೋಗಾಕ ಯಾರೂ ಬರಲಿಲ್ಲ. ಅಷ್ಟ. ಕೇಳಾಕ ಹೋದವರಿಗೆ "ಬರ್ತೀವಿ, ಬರ್ತೀವಿ" ಅಂದರಂತ. ದೊಡ್ಡವ್ವನ ತಲಿ ಬೆಳ್ಳಗಾಗಲಿಕ್ಕೆ ಹತ್ತಿತ್ತು, ಟ್ರಂಕು ಮಾತ್ರ ಕಟ್ಟಿದಂಗ ಇತ್ತು.

ನನ್ನ ಮದುವಿಯಲ್ಲಿ ಅರಿಷಿಣ ಹಚ್ಚೋ ಹೊತ್ತಿಗೆ ಆಕಿ ಕಿವಿಯಲ್ಲಿ ಹೇಳಿದ್ದಳು: "ನೋಡವ್ವಾ, ಮೊದಲ ಬಳಿ ಸದ್ದಿಗೆ ತಿರುಗೋದು ಬಿಟ್ಟ ನಮ್ಮಂವ. ನಾ ಹುಚ್ಚಿ, ತಿಳೀಲಿಲ್ಲ. ಗಂಡಸು ಬಳಿಗೆ ತಿರುಗಲಿಲ್ಲ ಅಂದ್ರ ಮನಸ್ಸು ತಿರುಗೇತಿ ಅಂತ ತಿಳಕೋ."

ನಮ್ಮವರದು ತಿರುಗೋದು ಬಿಡೋದು ಎಲ್ಲಿ ಬಂತು, ಮೊದಲಿಂದಲೂ ತಿರುಗೇ ಇಲ್ಲ! ಹಂಗಾದರೆ ನನ್ನ ಗತಿ ಏನು? ಜ್ಯೇಷ್ಠ ಹೋತು, ಆಷಾಢ ಬಂತು. ಮೊದಲ ಪಂಚಮಿ ಹತ್ತರ ಬಂತು. ಅಣ್ಣ ಚಕ್ಕಡಿ ಹೂಡಿಕೊಂಡು ಬಂದು ಕರಕೊಂಡು ಹೋಗೋದು ಖರೆ. ತಿರುಗಿ ಕರ್ಯಾಕ ಈ ಮನಿಯಿಂದ ಯಾರಾದರೂ ಬಂದಾರೋ ಇಲ್ಲೋ? ಅನ್ನ ಬಸಿಯುವಾಗಲೂ ಅದ, ರೊಟ್ಟಿ ಬಡಿಯುವಾಗಲೂ ಅದ. ಎಷ್ಟೋ ರೊಟ್ಟಿ ಹರಿದವು.

ಇವರು ಕೆಟ್ಟವರಾಗಿದ್ದರೆ ಅಷ್ಟು ಹೆದರಿಕಿ ಆಗುತ್ತಿರಲಿಲ್ಲ. ಸಮಾಧಾನದ ಮನಿಷಾ. ಏನು ಹೇಳಿದರೂ ಮಾರಿ ನೋಡಿ "ಹೂಂ" ಅನ್ನವರು. ಉಪ್ಪು ಕಡಿಮಿಯಾತೇನ್ರಿ? ಹೂಂ. ಹೆಚ್ಚಾತೇನ್ರಿ? ಹೂಂ. ಒಂದಿನ ಅತ್ತಿಯವರು ಬಾವಿಗೆ ಹೋಗಿದ್ದಾಗ ಧೈರ್ಯ ಮಾಡಿ ಖೋಲಿಯ ಬಾಗಿಲಕ್ಕೆ ಹೋದೆ. ಇವರು ಸೆಟ್ಟಿನ ಮುಂದೆ ಕುಂತಿದ್ದರು. ಕಿವಿಗೆ ಹಾಕಿಕೊಳ್ಳೋ ಹೆಡ್‌ಫೋನ್ ಕೊರಳಲ್ಲಿ ಜೋತಿತ್ತು, ಕಿವಿ ಖುಲ್ಲಾ ಇದ್ದವು. ಬೆನ್ನ ಹಿಂದಿನಿಂದ ಸಣ್ಣ ದನಿಯಲ್ಲಿ ಕೇಳಿದೆ: "ಪಂಚಮಿ ಆದ ಮ್ಯಾಲೆ ನನ್ನ ಕರ್ಯಾಕ ಬರ್ತೀರಿಲ್ರಿ?"

ಅವರು ಗುಂಡಿ ತಿರುವುತ್ತ ಕುಂತರು. ನಾನು ನಿಂತೆ, ನಿಂತೆ, ಬಂದುಬಿಟ್ಟೆ. ಇಲ್ಲ ಅನ್ನೋದನ್ನು ಇನ್ನ ಹೆಂಗ ಹೇಳಬೇಕು ಒಬ್ಬ ಗಂಡಸು?

ಹೊರಗಿಡೋ ಭೋಂಗಾದ ಮಾತು ಎದ್ದದ್ದು ಅದೇ ವಾರದಲ್ಲಿ. ಹೆಡ್‌ಫೋನ್ ಹಾಕಿಕೊಂಡರೆ ಕಿವಿಯಲ್ಲಿ ನೋವು ಅಂತ ಇವರು ಪದೇ ಪದೇ ಕಿವಿ ಒತ್ತಿಕೊಳ್ಳುತ್ತಿದ್ದರು. "ಬೆವರಿಗೆ ಆಗತೈತಿ ಅವ್ವಾ" ಅನ್ನವರು. ಅತ್ತಿಯವರಿಗೆ ಅದ ಬೇಕಾಗಿತ್ತು.

"ಮತ್ತ ಒಂದು ಭೋಂಗಾ ತಂದು ಹಚ್ಚೋ ಯಪ್ಪಾ! ಕಿವಿಗೆ ಬುಟ್ಟಿ ಕಟಗೊಂಡು ಕುಂತರ ಮನ್ಯಾಗಿನವರು ಸತ್ತರೂ ನಿನಗ ಗೊತ್ತಾಗೂದಿಲ್ಲ. ಆ ಪೆಟ್ಟಿಗಿಯಾಗಿನ ಮಂದಿಗೆ ಕೊಡೂ ಕಿವಿ ನಮಗೂ ಒಂದೀಟು ಕೊಡು."

ಈಗ ಗಾಂಧಿ ಚೌಕ ಅಂತಾರಲ್ಲ, ಆ ಚೌಕದ ಒಂದು ಸಂದಿಯಲ್ಲಿ ಗ್ರಾಮಾಫೋನು, ರೇಡಿಯೋ ರಿಪೇರಿ ಮಾಡೋ ಸಾವಕಾರರೊಬ್ಬರಿದ್ದರು. ಬಾಯಿ ತುಂಬ ಎಲಿಅಡಿಕಿ, ಬಾಯಿ ತುಂಬ ಮಾತು. ಆ ಕಾಲಕ್ಕೆ ಸೀರಿ ಅಂಗಡಿಯವರು ಗಂಟು ಕಟ್ಟಿಕೊಂಡು ಮನಿಗೇ ಬರುತ್ತಿದ್ದರು. ಹೆಂಗಸರು ಬಿಡಿಸಿ ನೋಡಿ, ಪಸಂದ ಬಂದದ್ದು ಇಟ್ಟುಕೊಂಡು ಉಳಿದದ್ದು ಕಳಿಸೋದು. ಅತ್ತಿಯವರ ಪ್ರಕಾರ ಭೋಂಗಾನೂ ಹಂಗ ಆರಿಸಬೇಕು. "ಮನಿಗೆ ತರಲಿ. ಅಂಗಡ್ಯಾಗ ಎಲ್ಲಾ ಚಲೋನ ಕಾಣತಾವ" ಅಂದರು. ಸಾವಕಾರರು ಟಾಂಗಾದಲ್ಲಿ ಮೂರು ಭೋಂಗಾ ಹಾಕಿಕೊಂಡು ಬಂದರು.

ಸೆಟ್ಟನ್ನು ಖೋಲಿಯಿಂದ ಪಡಸಾಲಿಗೆ ತಂದು, ಜಮಖಾನಿ ಹಾಸಿ ಮೂರನ್ನೂ ಸಾಲಾಗಿ ಇಟ್ಟರು. ಒಂದು ಅಂಗೈ ಅಗಲದ್ದು, ತಗಡಿನ ಡಬ್ಬಿಯದು, ಅದೂ ಲಷ್ಕರಿನದೇ. ಇನ್ನೊಂದು ಧತೂರಿ ಹೂವಿನಂಗ ಬಾಯಿ ತೆರೆದದ್ದು, ಲಗ್ನದ ಮನಿಯಲ್ಲಿ ಕಟ್ಟುವಂಥಾದ್ದು. ಮೂರನೇದು ಹಳೇ ಕಟ್ಟಿಗಿ ಪೆಟ್ಟಿಗಿ. ಅದರ ಮುಂದೆ ದೊಡ್ಡ ಕಾಗದದ ಬುಟ್ಟಿಯಂಥಾದ್ದು, ಒಂದು ಕಡೆ ಹರಿದು ತ್ಯಾಪಿ ಹಚ್ಚಿದ್ದು.

"ಇದನ್ನ ಯಾಕ ತಂದ್ರಿ ಸಾವಕಾರ್ರ?" ಮಾವನವರು ಮೂರನೇದಕ್ಕೆ ಬೆರಳು ಮಾಡಿದರು.

"ಟಾಂಗಾದಾಗ ಜಾಗಾ ಉಳಿದಿತ್ತು ನೋಡ್ರಿ, ಅದಕ್ಕ" ಅಂದರು ಸಾವಕಾರರು.

ಅತ್ತಿಯವರು ಕುಂತು ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ಸಂತಿಯಲ್ಲಿ ಗಡಿಗಿ ಆರಿಸಿದಂಗ! ತಗಡಿನದು ಖಣ್ ಅಂತು. "ಇದು ಗಟ್ಟಿ ಐತಿ." ಮೂರನೇದು ಬೊದ್ ಅಂತು. "ಇದು ಸೀಳೇತಿ, ನೀರು ನಿಲ್ಲೂದಿಲ್ಲ" ಅಂದರು. ಸಾವಕಾರರು ನಕ್ಕು ನಕ್ಕು ಎಲಿಅಡಿಕಿ ನುಂಗಿಬಿಟ್ಟರು.

ನಾನು ಅಡಗಿಮನಿ ಬಾಗಿಲದ ಮರಿಗೆ ನಿಂತು ನೋಡುತ್ತಿದ್ದೆ. ಚಾದ ನೀರು ಒಲಿ ಮ್ಯಾಲಿತ್ತು.

ಸೆಟ್ಟಿಗೂ ಭೋಂಗಾಕ್ಕೂ ನೇರ ಜೋಡಿಸೋ ಹಂಗಿಲ್ಲ, ನಡುವೆ ಒಂದು ತಂತಿ ಸುತ್ತಿದ ಕಬ್ಬಿಣದ ಗಟ್ಟಿ ಇರಬೇಕು, ಇಲ್ಲದಿದ್ದರೆ ಎರಡರ ತಾಕತ್ತು ಹೊಂದೋದಿಲ್ಲ ಅಂತ ಇವರೂ ಸಾವಕಾರರೂ ಮಾತಾಡಿಕೊಂಡರು. ಪಂಚಮಿ ಉಂಡಿಯಷ್ಟಿದ್ದ ಆ ಗಟ್ಟಿಗೆ ತಂತಿ ಬಿಗಿದು, ಮೊದಲು ತಗಡಿನದನ್ನು ಹಚ್ಚಿದರು. ಇವರು ಗುಂಡಿ ತಿರುವಿದರು. ಗರ್ ಗರ್ ಅಂತು, ಸಿಳ್ಳು ಹೊಡೀತು, ಆಮೇಲೆ ಯಾವನೋ ದೂರದ ಊರಿನವ ಇಂಗ್ಲಿಷಿನಲ್ಲಿ ಮಾತಾಡಿದ. ನನಗ ತಿಳಿಯಲಿಲ್ಲ, ಆದರೆ ಒಂದೊಂದು ಅಕ್ಷರ ಸುಲಿದ ಬಾಳಿಹಣ್ಣಿನಂಗ. ಒಲಿಯ ಮುಂದೆ ನಿಂತಾಕಿಗೂ ಕೇಳಿಸಿತು.

"ವಾಹವ್ವಾ!" ಮಾವನವರು ಅಂದರು. "ಇದ ಇರಲಿ. ಉಳಿದದ್ದು ನೋಡೂದ ಬ್ಯಾಡ."

ಇವರು ತಲಿ ಅಲ್ಲಾಡಿಸಿದರು. "ಇದು ಬಾಯಿ ಬಿಡವಲ್ದು ಅಪ್ಪಾ. ದನೀನ ಇಲ್ಲ."

ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡಿದರು. ಆ ಭೋಂಗಾ ಇನ್ನೂ ಮಾತಾಡುತ್ತಲೇ ಇತ್ತು.

"ಚ್ಯಾಷ್ಟಿ ಮಾಡತೀಯೇನಲೇ?" ಮಾವನವರು ಕೇಳಿದರು. ಇವರು ಮಾವನವರ ತುಟಿ ನೋಡಿದರು, ಸ್ವಲ್ಪ ತಡೆದು "ಹೂಂ" ಅಂದು ನಕ್ಕರು. ಎಲ್ಲರೂ ನಕ್ಕರು. ನನಗ ನಗಿ ಬರಲಿಲ್ಲ. ಆ "ಹೂಂ" ನನಗ ಗುರುತಿನದು.

ಎರಡನೇದು ಕಿರುಚಿ ಕಿವಿ ಕಿತ್ತಿತು. ಇವರು ಅದಕ್ಕೂ ಒಲ್ಲೆ ಅಂದರು. ಮೂರನೇದು, ಆ ತ್ಯಾಪಿಯ ಪೆಟ್ಟಿಗಿ ಹಚ್ಚಿದಾಗ ಪಡಸಾಲಿ ತುಂಬ ಗುಂ ಅಂತು. ಅದೇ ಮನಿಷಾ, ಅದೇ ಇಂಗ್ಲಿಷು. ಆದರೆ ಈಗ ಒಂದು ಅಕ್ಷರವೂ ಬಿಡಿಬಿಡಿಯಾಗಿ ಬರವಲ್ದು.

"ಥೂ! ಹಗೇದಾಗ ಇಳಿದು ಮಾತಾಡಿದಂಗ ಐತಿ" ಅಂದರು ಮಾವನವರು. ನೆಲದಾಗ ತೋಡಿ ಜ್ವಾಳ ತುಂಬಿಡೋ ಹಗೇವು ಅವರಿಗೆ ದಿನದ ವ್ಯವಹಾರ. ಹಗೇದೊಳಗಿಂದ ಆಳು ಕೂಗಿದರೆ ಮ್ಯಾಲೆ ಹಿಂಗ ಗುಮ್ಮಂತ ಬರುತ್ತಿತ್ತು.

ಇವರ ಮಾರಿ ನೋಡಬೇಕಿತ್ತು ನೀವು. ದೀಪ ಹಚ್ಚಿದಂಗ ಆತು. ಪೆಟ್ಟಿಗಿಯ ಮ್ಯಾಲೆ ಕೈಯಿಟ್ಟು, ಕಣ್ಣು ಮುಚ್ಚಿ, "ಇದು. ಇದ ನೋಡ್ರಿ ದನಿ ಅಂದ್ರ" ಅಂದರು.

ಸಾವಕಾರರ ನಗಿ ನಿಂತಿತು. ಮಾವನವರ ಹುಬ್ಬು ಗಂಟಾತು. ಅಷ್ಟರಲ್ಲಿ ಅತ್ತಿಯವರು ನನ್ನ ಕಡೆ ನೋಡಿ, ಚಾ ಆಗಿದ್ದರೆ ತಿಳಿಸು ಅಂತ ಕಣ್ಣಿನಲ್ಲೇ ಸನ್ನಿ ಮಾಡಿದರು. ನಾನು ಬಳಿ ಕುಣಿಸಿದೆ.

ಸಾವಕಾರರು ತಿರುಗಿದರು. ಮಾವನವರು ತಲಿ ಕೆಳಗ ಹಾಕಿದರು. ಹೊರಗಿನ ಕಟ್ಟಿ ಮ್ಯಾಲೆ ಮಲಗಿದ್ದ ನಾಯಿ ಸೈತ ಕಿವಿ ಎತ್ತಿತು. ಇವರು? ಮೊಳ ದೂರದಲ್ಲಿ, ಬರೀ ಕಿವಿಯಲ್ಲಿ ಕುಂತವರು, ಪೆಟ್ಟಿಗಿ ಸವರುತ್ತ ಇದ್ದರು.

ತಗಡಿನದರ ಸಣ್ಣ ದನಿ ಇವರಿಗೆ ಮುಟ್ಟಲಿಲ್ಲ. ಹಗೇವಿನ ದಪ್ಪ ದನಿ ಮುಟ್ಟಿತು. ಗಾಜಿನ ಬಳಿಯ ದನಿ ಯಾವುದು? ಸಣ್ಣದಲ್ಲೇನು? ಒಳಗೆ ಹೋಗಿ ಖಾಲಿ ಹಿತ್ತಾಳಿ ಕೊಡ ಬೋರಲು ಹಾಕಿ, ಅಂಗೈಯಿಂದ ಒಮ್ಮೆ ಬಡಿದೆ. ಧಮ್!

ಇವರು ತಿರುಗಿ ನೋಡಿದರು.

ನೆಟ್ಟಗ ನನ್ನ ಕಡೆ, ಬಾಗಿಲದ ಕಡೆ, ಯಾರು ಕರೆದರು ಅನ್ನೋ ಮುಖ ಮಾಡಿ. ಮದುವಿಯಾದ ಮ್ಯಾಲೆ ನಾನು ಕರೆದದ್ದಕ್ಕೆ ಅವರು ತಿರುಗಿದ್ದು ಅದ ಮೊದಲು. ನನಗ ಖುಷಿ ಆಗಬೇಕಿತ್ತು. ಆಗಲಿಲ್ಲ, ಮತ್ತೊಂದು ಹೆದರಿಕಿ ಬಂತು. ಯುದ್ಧದಿಂದ ಬಂದಾಗ ಎಲ್ಲರೂ ಕೈಕಾಲು ಎಣಿಸಿದ್ದರು, ಕಿವಿ ಹೆಂಗದಾವ ಅಂತ ಯಾರೂ ಕೇಳಿರಲಿಲ್ಲ. ಇವರೂ ಹೇಳಿರಲಿಲ್ಲ. ಈಗ ಮಾವನವರು ಇನ್ನೆರಡು ಮಾತು ಕೆದಕಿದರೆ, ಹೊರಗಿನವರ ಎದುರಿಗೆ, ಈ ಪಡಸಾಲಿಯಲ್ಲೇ ಎಲ್ಲಾ ಹೊರಬೀಳುತ್ತಿತ್ತು.

"ಲೇ, ನಿನಗೇನಾಗೇತಿ? ಮೂರರಾಗ ಕೆಟ್ಟದ್ದು ಹುಡುಕಿ ಹಿಡದೀಯಲ್ಲ!" ಮಾವನವರ ದನಿ ಏರಿತು.

ಮಾವನವರ ಎದುರಿಗೆ ನಾನು ಮಾತಾಡುವಂಗಿಲ್ಲ. ಅತ್ತಿಯವರ ಸೆರಗು ಜಗ್ಗಿದೆ. "ಅತ್ತಿ, ನನಗೂ ಮೂರನೇದ ಚಲೋ ಕೇಳಸ್ತು ಅಂತ ಹೇಳ್ರಿ."

"ಏನ ಬೇ, ನಿನ್ನ ಕಿವಿಗೂ ಗ್ರಹಣ ಹಿಡೀತೇನು?" ಅತ್ತಿಯವರು ನನ್ನ ಮಾರಿ ನೋಡಿದರು. ಏನು ಕಂಡರೋ ಗೊತ್ತಿಲ್ಲ. ಪಡಸಾಲಿಯ ಕಡೆ ತಿರುಗಿ, "ಸೊಸಿಗೂ ಅದ ಪಸಂದ ಐತಂತ" ಅಂದರು.

ಮಾವನವರು ತೊಡಿ ಬಡಕೊಂಡು ನಕ್ಕರು. "ಗಂಡಗೂ ಹೆಂಡ್ತಿಗೂ ಒಂದ ಹಗೇವು! ಆತ ತಗೋರಿ. ಸಾವಕಾರ್ರ, ಆ ಜಾಗಾ ತುಂಬೂ ಸಾಮಾನು ಇಳಿಸಿಬಿಡ್ರಿ."

ಭೋಂಗಾ ಮನಿಯಲ್ಲಿ ಉಳೀತು. ನಾನು ಉಳಿತೀನೋ ಇಲ್ಲೋ?

ನೀವು ಕೇಳಬಹುದು, ಕಿವಿಯ ಸಂಗತಿ ತಿಳಿದ ಮ್ಯಾಲೆ ಹೆದರಿಕಿ ಯಾಕ ಅಂತ. ಬಳಿಗೆ ತಿರುಗದೇ ಇದ್ದದ್ದಕ್ಕೆ ಕಾರಣ ಸಿಕ್ಕಿತು ಖರೆ. ಆದರೆ ಮನಸ್ಸಿನಲ್ಲಿ ನಾನು ಇದ್ದೇನೋ ಇಲ್ಲೋ ಅನ್ನೋದಕ್ಕೆ ಅದು ಉತ್ತರ ಅಲ್ಲವಲ್ಲ. ಕಿವಿ ಚಲೋ ಇದ್ದವರೂ ಬಿಡತಾರ, ಇಲ್ಲದವರೂ ಬಿಡತಾರ.

ಅಣ್ಣ ಚಕ್ಕಡಿ ತಂದ ಮುಂಜಾನೆ, ಅತ್ತಿಯವರು ಉಂಡಿ ಕಟ್ಟೋದರಲ್ಲಿದ್ದಾಗ, ಕೊಡ ಬಡಿದೆ. ಇವರು ಬಾಗಿಲಕ್ಕೆ ಬಂದರು. ಮುಖ ಎತ್ತಿ, ಆದಷ್ಟು ದಪ್ಪ ದನಿ ಮಾಡಿ ಕೇಳಿದೆ: "ಹಬ್ಬ ಆದ ಮ್ಯಾಲೆ ಕರ್ಯಾಕ ಯಾರು ಬರ್ತಾರ್ರಿ?"

"ಹೂಂ" ಅಂದರು.

ಯಾರು ಅಂತ ಕೇಳಿದರೆ ಹೂಂ! ನಾನು ಮತ್ತ ಕೇಳೋದರೊಳಗ ಹೊರಗಿಂದ ಅಣ್ಣ "ಬಿಸಿಲಾಗತೈತಿ, ಏಳವ್ವಾ ತಂಗಿ" ಅಂದ. ಚಕ್ಕಡಿ ಹತ್ತಿದೆ. ಇವರು ಕಟ್ಟಿ ಮ್ಯಾಲೆ ನಿಂತಿದ್ದರು. ಕೈಯೆತ್ತಲಿಲ್ಲ, ಏನಿಲ್ಲ. ಎತ್ತಿನ ಗೆಜ್ಜಿ ಸದ್ದೂ ಅವರಿಗೆ ಕೇಳಿಸುತ್ತಿಲ್ಲ ಅನ್ನೋದು ಆಗ ಹೊಳೀತು. ಸೆರಗು ಬಾಯಿಗೆ ಒತ್ತಿಕೊಂಡೆ.

ದೊಡ್ಡವ್ವನನ್ನು ಹಬ್ಬಕ್ಕೆ ಕರಕೊಂಡು ಹೋಗಬೇಕು ಅಂತ ಅಣ್ಣ ತಿಕೋಟಾದ ಹಾದಿ ಹಿಡಿದ. ಈಗ ಆ ಕಡಿ ಎಲ್ಲಾ ದ್ರಾಕ್ಷಿ ತೋಟ. ಆಗ ಕಣ್ಣಿಗೆ ಮುಟ್ಟೋತನಕ ಕರಿ ಹೊಲ. ದೊಡ್ಡವ್ವ ಚಕ್ಕಡಿ ಹತ್ತಿ ನನ್ನ ಮಗ್ಗಲಕ್ಕೆ ಕುಂತಳು. ಊರು ದಾಟಿದ ಮ್ಯಾಲೆ ನನ್ನ ಕೈ ಹಿಡಿದು ಬಳಿ ಎಣಿಸಿದಂಗ ಮಾಡಿ ಕೇಳಿದಳು.

"ತಿರುಗತಾನೇನ್ ಬೇ?"

ಕಿವಿಯ ಸಂಗತಿ ಹೇಳಿಬಿಟ್ಟಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಆದರೆ ಅವರು ಹೆತ್ತವರಿಗೂ ಹೇಳದ್ದು. ನಾನು ಹೆಂಗ ಹೇಳಲಿ? "ಇಲ್ಲ ದೊಡ್ಡವ್ವಾ" ಅಂದೆ.

ಆಕಿ ಬಬಲೇಶ್ವರ ಬರೋತನಕ ಕೈ ಬಿಡಲಿಲ್ಲ. ಅಕ್ಕರೆಗೆ ಹಿಡಿದ ಕೈ ಅದು, ನನಗ ಮಾತ್ರ ಬಾವಿಯೊಳಗಿಂದ ಯಾರೋ ಜಗ್ಗಿದಂಗ ಆತು.

ಹಬ್ಬ ಆತು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು, ಗೆಳತ್ಯಾರು ಮುಗಿಲು ಮುಟ್ಟುವಂಗ ಜೀಕಿದರು. ನನ್ನ ಕುಂದರಿಸಿ ತೂಗಿದರೆ ನಾನು ಮ್ಯಾಲೆ ಹೋದಾಗೊಮ್ಮೆ ವಿಜಾಪುರದ ಹಾದಿ ನೋಡುತ್ತಿದ್ದೆ. ಎಳ್ಳುಂಡಿ, ಅಳ್ಳು, ಶೇಂಗಾ ಉಂಡಿ, ಯಾವುದಕ್ಕೂ ರುಚಿ ಇಲ್ಲ. ಹಬ್ಬ ಮುಗಿದ ಮ್ಯಾಲೆ ಒಬ್ಬೊಬ್ಬರ ಮನಿಯಿಂದ ಮೈದುನ, ಮಾವ, ಯಾರಾದರೊಬ್ಬರು ಬಂದರು. ಓಣಿಯ ಹೆಣ್ಣುಮಕ್ಕಳು ಉಡಿ ತುಂಬಿಸಿಕೊಂಡು ಹೊರಟರು. ಜೋಕಾಲಿ ಖಾಲಿಯಾತು. ಹಗ್ಗ ಬಿಚ್ಚಿದರು. ನನ್ನ ಟ್ರಂಕು ಕಟ್ಟಿ ಮೂಲಿಯಲ್ಲಿತ್ತು. ಅದನ್ನು ನೋಡಿದಾಗೆಲ್ಲ ತಿಕೋಟಾದ ಆ ಇನ್ನೊಂದು ಟ್ರಂಕು ಕಣ್ಣಿಗೆ ಬರುತ್ತಿತ್ತು. ಅವ್ವ ನನ್ನ ಎದುರಿಗೆ ನಗುತ್ತಿದ್ದಳು, ಹಿತ್ತಲದಾಗ ದೊಡ್ಡವ್ವನ ಜೋಡಿ ಗುಸುಗುಸು ಮಾತಾಡುತ್ತಿದ್ದಳು. ಅಪ್ಪ, ವಿಜಾಪುರಕ್ಕೆ ಹೋಗಿ ಕೇಳಿ ಬರಲೇನು ಅಂದ. ಕೇಳಾಕ ಹೋದವರಿಗೆ ಏನು ಹೇಳತಾರ ಅನ್ನೋದು ನಮ್ಮ ಮನಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಹೊರಗೆ ಅಣ್ಣನ ಹೆಂಡ್ತಿ, ನಮ್ಮ ವೈನಿಯ ದನಿ ಕೇಳಿಸಿತು. "ಬರ್ರಿ, ಬರ್ರಿ. ಬಸ್ಸಿಗೆ ಬಂದ್ರೋ, ನಡಕೋಂತ ಬಂದ್ರೋ?"

"ಹೂಂ."

ಹಿಟ್ಟಿನ ಕೈ ಹಂಗ ನಿಂತಿತು.

"ಊಟ ಆಗೇತೋ, ಮಾಡೂದು ಐತೋ?"

"ಹೂಂ."

ವೈನಿ ಕಿಸಕ್ಕನೆ ನಕ್ಕಳು. "ಯವ್ವಾ, ನಿಮ್ಮ ಅಳಿಯಾಗ ಹೂಂ ಅನ್ನೂದೊಂದ ಕಲಿಸಿ ಕಳಿಸ್ಯಾರ ನೋಡ್ರಿ!"

ಮೈದುನ ಅಲ್ಲ, ಮಾವ ಅಲ್ಲ. ಇವರ! ಕಿಂಡಿಯಿಂದ ನೋಡಿದೆ. ಧೂಳು ತುಂಬಿದ ಕಾಲು, ಕೈಯಲ್ಲಿ ಒಂದು ಚೀಲ, ಅಂಗಳದ ನಡುವೆ ನಿಂತು ಯಾವ ಬಾಗಿಲದ ಕಡೆ ನೋಡಬೇಕು ತಿಳೀದೆ ಸುತ್ತ ನೋಡುತ್ತಿದ್ದರು. ಅವ್ವ ಮರಿಗೆ ನಿಂತು ಏನೋ ಹೇಳಿದಳು, ಅವರಿಗೆ ಕೇಳಿಸಲಿಲ್ಲ. ದೊಡ್ಡವ್ವ ನನ್ನ ಬೆನ್ನಿಗೆ ಬಂದು ನಿಂತಳು. "ಕುಣಿಸು ಬೇ ಬಳಿ" ಅಂದಳು.

ನಾನು ಬಳಿ ಕುಣಿಸಲಿಲ್ಲ. ಕೊಡದಾಗಿನ ನೀರು ಚೆಲ್ಲಿದೆ, ಬೋರಲು ಹಾಕಿದೆ, ಹಿಟ್ಟಿನ ಕೈಯಿಂದಲೇ ಬಡಿದೆ. ಧಮ್!

ಇವರು ಗಿರ್ರನೆ ತಿರುಗಿದರು. ಮುಖ ತುಂಬ ನಗಿ.

"ತಿರುಗಿದ! ಯವ್ವಾ ತಂಗಿ, ತಿರುಗಿದ ಬೇ!" ದೊಡ್ಡವ್ವ ಅಡಗಿಮನಿಯಲ್ಲೇ ಕುಂತುಬಿಟ್ಟಳು, ಸೆರಗು ಮಾರಿಗೆ ಹಾಕಿಕೊಂಡು. ನಕ್ಕಳೋ ಅತ್ತಳೋ ನನಗ ಇವತ್ತಿಗೂ ಗೊತ್ತಿಲ್ಲ.

ಮರುದಿನ ಅಪ್ಪ ಚಕ್ಕಡಿ ಕೊಟ್ಟು ಕಳಿಸಿದ. ಎತ್ತು ಇವರೇ ಹೊಡಕೊಂಡು ಹೊರಟರು, ಅಣ್ಣ ಸಂತಿಗೆ ಬಂದಾಗ ತಿರುಗಿ ತರೋದು ಅಂತ ಠರಾವಾತು. ಊರು ದಾಟಿದ ಮ್ಯಾಲೆ ಹಿಂದ ಮುಂದ ಯಾರೂ ಇರಲಿಲ್ಲ. ನಾನು ಮುಂದಕ್ಕೆ ಸರಿದು, ಅವರ ಮುಖಕ್ಕೆ ಮುಖ ಕೊಟ್ಟು, ದಪ್ಪ ದನಿಯಲ್ಲಿ ಕೇಳಿದೆ. "ಇಷ್ಟ್ಯಾಕ ತಡಾ ಮಾಡಿದ್ರಿ?"

ಇವರು ಎತ್ತಿನ ಹಗ್ಗ ಸಡಿಲು ಮಾಡಿದರು. "ಅಪ್ಪ ತಮ್ಮನ್ನ ಕಳಸ್ತೇನಂದ. ನಾ ಒಲ್ಲೆ, ನಾನ ಹೋಗತೇನಿ ಅಂದೆ. ಹೆಂಡ್ತಿ ಕರ್ಯಾಕ ಗಂಡ ತಾನ ಹೋಗೂದು ಯಾವ ಪದ್ಧತಿ ಅಂತ ಜಗಳ ಬಿದ್ದ. ಅಂವ ಒಪ್ಪೂ ತನಕ ತಡಾ ಆತು."

"ಮತ್ತ ತಮ್ಮ ಬಂದಿದ್ದರ ಏನಾಗತಿತ್ತು?"

ಅವರು ಮೊದಲ ಸಲ ಕಿವಿಯ ಮಾತು ತೆಗೆದರು. ಮಗ್ಗಲಕ್ಕೇ ಬಾಂಬು ಬಿದ್ದದ್ದು, ಅವತ್ತಿಂದ ಸಣ್ಣ ಸಪ್ಪಳ ಯಾವುದೂ ಇಲ್ಲದ್ದು, ಅವ್ವನ ದನಿಯೂ ಅರ್ಧಕ್ಕೇ ಬರೋದು. "ನೀ ನನ್ನ ಒಮ್ಮೆಯೂ ಕರೀಲಿಲ್ಲ ಅಂತ ತಿಳಿದಿದ್ದೆ. ಈ ಹುಡುಗಿಗೆ ನಾ ಮನಸ್ಸಿಗೆ ಬಂದಿಲ್ಲ, ತವರಿಗೆ ಹೋದರ ಬರೂದಿಲ್ಲ ಅಂತ ನನಗ ಹೆದರಿಕಿ. ಆಮೇಲೆ ಆ ಭೋಂಗಾ ತಂದ ದಿವಸ ನೀ ಕೊಡ ಬಡದಿ."

ಇಬ್ಬರೂ ಒಂದ ಮನಿಯಲ್ಲಿ, ಒಂದ ಹೆದರಿಕಿ ಹೊತ್ತುಕೊಂಡು, ಬೆನ್ನಿಗೆ ಬೆನ್ನು ಮಾಡಿ ಕುಂತಿದ್ದೆವಲ್ಲ!

"ನೀ ಹೋದ ಮ್ಯಾಲೆ ಪೆಟ್ಟಿಗಿ ಹಚ್ಚಿ ಕುಂತೆ. ಆ ಭೋಂಗಾದಾಗ ಎಲ್ಲೆಲ್ಲಿಯವರೋ ಮಾತಾಡಿದರು" ಅಂದರು. "ಮನ್ಯಾಗ ಕೊಡ ಬಡಿಯವರು ಯಾರೂ ಇರಲಿಲ್ಲ. ಎರಡು ದಿವಸ ಊಟಕ್ಕ ತಡಾ ಮಾಡಿ ಅವ್ವನ ಕಡಿಂದ ಬೈಸಿಕೊಂಡೆ."

ನಾನು ನಕ್ಕೆ. ಅವರಿಗೆ ಕೇಳಲಿ ಅಂತ ಬಯಲಿನಲ್ಲಿ ದೊಡ್ಡದಾಗಿ ನಕ್ಕೆ. ಎತ್ತು ಬೆದರಿ ನಾಲ್ಕು ಹೆಜ್ಜಿ ಓಡಿದವು.

ಮೊಮ್ಮಗಳಿಗೆ ಇದೆಲ್ಲಾ ಹೇಳಿ ಮುಗಿಸಿದ ಮ್ಯಾಲೆ ಆಕಿ ಮೊಬೈಲು ಬಂದ್ ಮಾಡಿ ಇಟ್ಟಳು. "ಹಂಗಾದ್ರ ಯಾವುದು ತಗೋಬೇಕಜ್ಜಿ?" ಅಂದಳು. ಮಂದಿ ಚಲೋ ಐತಿ ಅಂದದ್ದು ಬ್ಯಾಡ, ಹಚ್ಚಿ ನೋಡು, ನಿನ್ನ ಕಿವಿಗೆ ಯಾವುದು ಬರ್ತೈತೋ ಅದ ಚಲೋ ಅಂದೆ. ಆಕಿ ಅಟ್ಟಕ್ಕೆ ಹೋಗಿ, ಧೂಳು ಝಾಡಿಸಿ, ತ್ಯಾಪಿ ಹಚ್ಚಿದ ಕಟ್ಟಿಗಿ ಪೆಟ್ಟಿಗಿ ಇಳಿಸಿಕೊಂಡು ಬಂದಾಳ. ಈಗ ಅದಕ್ಕ ಹೊಸ ತಂತಿ ಬಿಗಿಯಾಕತ್ತಾಳ. ಊಟದ ಹೊತ್ತಾಗೇತಿ. ನಾನು ಕೊಡ ಬೋರಲು ಹಾಕೇನಿ.